ಅಪ್ಪಯ್ಯ ಬ್ರೇಕ್ ಡಿಸ್ಕು ಬದಲಿಸಿದ ಭಾನುವಾರ

ಅಮ್ಮನ ಉಪ್ಪುಮೀನಿನ ಭರಣಿಗೆ ಒಂದು ಮರದ ಮುಚ್ಚಳವಿದೆ. ಅದರ ಮೇಲೆ ಊಟದ ತಟ್ಟೆಯಷ್ಟು ಅಗಲದ, ನಡುವೆ ದೊಡ್ಡ ತೂತಿರುವ, ಕಣ್ಣಿಗೆ ಕಾಣುವುದಕ್ಕಿಂತ ಹೆಚ್ಚು ಭಾರದ ಕಬ್ಬಿಣದ ಬಿಲ್ಲೆಯೊಂದು ಕೂತಿದೆ. ನಮ್ಮೂರು ಕೋಡಿಯ ಬೆಕ್ಕುಗಳ ಪರಿಚಯ ನಿಮಗಿಲ್ಲದಿದ್ದರೆ ಹೇಳುತ್ತೇನೆ, ಬರಿಯ ಮುಚ್ಚಳವನ್ನು ಅವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊನ್ನೆ ನನ್ನ ಜೊತೆ ಮನೆಗೆ ಬಂದಿದ್ದ ಟೀಚರೊಬ್ಬರು ಆ ಬಿಲ್ಲೆಯನ್ನು ಬೆರಳಿನಿಂದ ಬಡಿದು ನೋಡಿ, "ಇದೇನು, ಹಳೇ ಕಾಲದ ತೂಕದ ಕಲ್ಲಾ?" ಎಂದು ಕೇಳಿದರು. ನನ್ನ ಕಾರಿನ ಹಿಂದಿನ ಚಕ್ರದ ಬ್ರೇಕ್ ಡಿಸ್ಕು, ನಾವೇ ಮನೆಯಲ್ಲಿ ಬಿಚ್ಚಿದ್ದು ಎಂದೆ. ಅವರು ಸಭ್ಯರು, "ಹೌದಾ" ಎಂದು ಚಹಾ ಕುಡಿದರು. ನಂಬಲಿಲ್ಲ ಎಂಬುದು ಆ ಚಹಾ ಕುಡಿದ ರೀತಿಯಲ್ಲೇ ಗೊತ್ತಾಯಿತು. ಅವರು ನಂಬದಿದ್ದರೆ ಬೇಡ, ನೀವಾದರೂ ನಂಬುತ್ತೀರಿ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ನಾನು ಬ್ರಹ್ಮಾವರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಅಮ್ಮ ಮೀನು ಮಾರಿದವಳು. ಅಪ್ಪಯ್ಯ ನಲವತ್ತು ವರ್ಷ ಮೀನುಗಾರಿಕೆ ಬೋಟಿನ ಇಂಜಿನ್ ನೋಡಿಕೊಂಡವರು. ಮನೆ ಕೋಡಿಯಲ್ಲಿ, ಹಿತ್ತಲು ದಾಟಿದರೆ ಮರಳು, ಮರಳು ದಾಟಿದರೆ ಸಮುದ್ರ. ಗಾಳಿ ಒಳ್ಳೆಯದು ಎಂದು ಬಂದವರೆಲ್ಲ ಹೊಗಳುತ್ತಾರೆ. ಆ ಗಾಳಿ ಕಬ್ಬಿಣ ತಿನ್ನುತ್ತದೆ ಎಂಬುದು ಹೊಗಳಿ ಹೋಗುವವರಿಗೆ ಗೊತ್ತಿರುವುದಿಲ್ಲ. ನಮ್ಮ ಕಿಟಕಿಯ ಸರಳು, ಬೀರುವಿನ ಬೀಗ, ಅಮ್ಮನ ಮೀನು ಕೊಯ್ಯುವ ಕತ್ತಿ, ಯಾವುದನ್ನೂ ಅದು ಬಿಟ್ಟದ್ದಿಲ್ಲ.

ಅದಕ್ಕೆ ಅಪ್ಪಯ್ಯನ ಬಳಿ ಇದ್ದ ಮದ್ದು ಒಂದೇ, ಎಣ್ಣೆ. ಕೊಕ್ಕಿನಂಥ ಮೂತಿಯ ಒಂದು ಎಣ್ಣೆ ಕ್ಯಾನು ಅವರಲ್ಲಿತ್ತು. ಸಮುದ್ರದಿಂದ ಬಂದು ಸ್ನಾನ, ಊಟ ಮುಗಿಸಿದರೆಂದರೆ ಕ್ಯಾನು ಹಿಡಿದು ಮನೆಯೆಲ್ಲ ಒಂದು ಸುತ್ತು. ಬಾಗಿಲ ತಿರುಗಣಿಗೆ ಎರಡು ಹನಿ, ಬಾವಿಯ ರಾಟೆಗೆ ನಾಲ್ಕು ಹನಿ, ಸೈಕಲ್ಲಿಗೆ ಹೊಟ್ಟೆ ತುಂಬ. ತೊಂಬತ್ತೇಳರಲ್ಲಿ ನಾನು ಎಂಟನೆಯ ತರಗತಿಗೆ ಹೋದಾಗ ಹೊಸ ಕಂಪಾಸ್ ಪೆಟ್ಟಿಗೆ ಕೊಡಿಸಿದರು. ಕೊಡಿಸಿದವರು ಸುಮ್ಮನಿರಬೇಕಲ್ಲ, ಮಗಳ ಪೆಟ್ಟಿಗೆ ತುಕ್ಕು ಹಿಡಿಯಬಾರದೆಂದು ಕೈವಾರಕ್ಕೂ ಎಣ್ಣೆ ಕುಡಿಸಿದರು. ಮರುದಿನ ವೃತ್ತ ಎಳೆಯಲು ಹೋದರೆ ಕೈವಾರದ ಕಾಲು ತನ್ನಷ್ಟಕ್ಕೆ ಅಗಲವಾಗುತ್ತ ಹೋಯಿತು. ಹಾಳೆಯ ಮೇಲೆ ಎಣ್ಣೆ ಹರಡಿ, ಆ ಬದಿಯಿಂದ ಈ ಬದಿ ಕಾಣತೊಡಗಿತು. ಮೇಷ್ಟ್ರು ಪುಸ್ತಕ ಎತ್ತಿ ಹಿಡಿದು ಇಡೀ ತರಗತಿಗೆ ತೋರಿಸಿ, "ಇದು ವೃತ್ತವೋ, ವಡೆ ಇಟ್ಟ ಕಾಗದವೋ?" ಎಂದು ಕೇಳಿದರು. ಆ ಅವಮಾನದ ಸೇಡು ತೀರಿಸಿಕೊಳ್ಳಲಿಕ್ಕೇ ನಾನು ಗಣಿತದ ಟೀಚರಾದದ್ದು ಎಂದು ಮಕ್ಕಳಿಗೆ ಹೇಳುತ್ತಿರುತ್ತೇನೆ, ಅದು ಪೂರ್ತಿ ಸುಳ್ಳಲ್ಲ.

ಇನ್ನು ಕಾರಿನ ಕತೆ. ಮುಂಬಯಿಯಲ್ಲಿ ಹೋಟೆಲು ನಡೆಸುವ ನೆಂಟರೊಬ್ಬರು ಊರಲ್ಲಿಟ್ಟಿದ್ದ ಕಾರನ್ನು ನಾನು ಕೊಂಡೆ. ಅದಾಗಲೇ ನಾಲ್ಕಾರು ವರ್ಷ ಓಡಿದ್ದು. ಆಗ ಹೆಚ್ಚಿನ ಕಾರುಗಳಿಗೆ ಮುಂದೆ ಮಾತ್ರ ಡಿಸ್ಕು, ಹಿಂದೆ ಡ್ರಮ್ಮು. ಇದಕ್ಕೆ ನಾಲ್ಕೂ ಚಕ್ರಕ್ಕೆ ಡಿಸ್ಕು ಎಂದು ನೆಂಟರು ಮೂರು ಸಲ ಹೇಳಿದ್ದರಿಂದ ನನಗೂ ಜಂಬ ಬಂತು. ಜಂಬದಲ್ಲಿ ತಪ್ಪೊಂದು ಮಾಡಿದೆ. ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಅಮ್ಮನನ್ನೂ ಮೀನಿನ ಪೆಟ್ಟಿಗೆಯನ್ನೂ ಕುಂದಾಪುರದ ಮಾರುಕಟ್ಟೆಗೆ ಬಿಡಲು ಶುರು ಮಾಡಿದೆ. ಪೆಟ್ಟಿಗೆ ಡಿಕ್ಕಿಯಲ್ಲಿ. ಐಸಿನ ಉಪ್ಪುನೀರು ಡಿಕ್ಕಿಯ ಅಡಿಯಿಂದ ಹನಿದು ಹನಿದು ಹಿಂದಿನ ಚಕ್ರಗಳಿಗೆ ದಿನಾ ಅಭಿಷೇಕ. ಕೋಡಿಯ ಗಾಳಿ ಸಾಲದೆಂದು ನಾನೇ ಸಮುದ್ರವನ್ನು ಕಾರಿಗೆ ತಂದು ಸುರಿದಂತಾಯಿತು. ಶಾಲೆಯ ಅಂಗಳದಲ್ಲಿ ನನ್ನ ಕಾರಿನ ಸುತ್ತ ಮಾತ್ರ ಕಾಗೆಗಳು ಸಭೆ ಸೇರುತ್ತಿದ್ದವು.

ಒಂದು ದಿನ ಹಟ್ಟಿಯಂಗಡಿಯ ಗಣಪತಿಗೆ ಹಣ್ಣುಕಾಯಿ ಮಾಡಿಸಲು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ದೇವಸ್ಥಾನದ ಹತ್ತಿರ ಬ್ರೇಕು ಒತ್ತಿದೆ ನೋಡಿ, ಹಿಂದಿನಿಂದ ಕರ್ಕಶವಾದ ಒಂದು ಕೂಗು. ಕಾಯಿ ಹಿಡಿದು ನಿಂತವರೆಲ್ಲ ತಿರುಗಿದರು. ಅಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಬರುವಾಗ ಪ್ರತಿ ತಿರುವಿನಲ್ಲೂ ಅದೇ ಕೂಗು. ಮನೆಯಲ್ಲಿ ಇಳಿದವಳೇ ಅಮ್ಮ, "ಯಡ್ತರೆಗೆ ನಾ ಬಸ್ಸಂಗೆ ಹೋತೆ. ಈ ಕಾರಂಗೆ ಕೂಕಂಬ್ದಿಲ್ಲೆ" ಎಂದುಬಿಟ್ಟಳು.

ಈ ಮಾತು ನನಗೆ ಎಷ್ಟು ತಾಗಿತೆಂದು ತಿಳಿಯಬೇಕಾದರೆ ಯಡ್ತರೆಯ ವಿಷಯ ಹೇಳಬೇಕು. ಬೈಂದೂರಿನ ಪಕ್ಕದ ಯಡ್ತರೆ ಅಮ್ಮನ ತವರು. ಮುಂದಿನ ಸೋಮವಾರ ಅವಳ ತಮ್ಮನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಮೀನಿನ ಬುಟ್ಟಿ ಹೊತ್ತು ಓಡಾಡಿದ ಅಷ್ಟೂ ವರ್ಷ ಬಸ್ಸಿನಲ್ಲಿ ಅಮ್ಮನಿಗೆ ಜಾಗ ಎಂದರೆ ಕೊನೆಯ ಸೀಟಿನ ಹಿಂದಿನ ಮೂಲೆ. ಸೀಟು ಖಾಲಿಯಿದ್ದರೂ ಕಂಡಕ್ಟರ್ ಕಣ್ಣಲ್ಲೇ ಹಿಂದೆ ತಳ್ಳುತ್ತಿದ್ದ. ಹಾಗಾಗಿ ತವರಿಗೆ ಮಗಳ ಕಾರಿನಲ್ಲಿ, ಅದೂ ಮುಂದಿನ ಸೀಟಿನಲ್ಲಿ ಕೂತು ಹೋಗುತ್ತೇನೆಂದು ತಮ್ಮನಿಗೆ ಎರಡು ಸಲ ಫೋನ್ ಮಾಡಿ ಹೇಳಿದ್ದಳು. ಅಂಥವಳು ಬಸ್ಸಿನ ಮಾತೆತ್ತಿದಳೆಂದರೆ ಹೆದರಿದ್ದು ನಿಜ.

ಕುಂದಾಪುರದ ಗ್ಯಾರೇಜಿನವರು ಚಕ್ರ ಬಿಚ್ಚಿ ಒಳಗೆ ಬೆರಳಾಡಿಸಿ, "ಡಿಸ್ಕ್ ಮುಗ್ದಿತ್ ಟೀಚರೆ, ಕಾಣಿ, ಬರೀ ಗೀರೇ ಇಪ್ದ್" ಎಂದರು. ಸಾಮಾನು ಉಡುಪಿಯಿಂದ ತರಿಸಬೇಕು, ತರಿಸಿದರೂ ಬುಧವಾರದವರೆಗೆ ಅವರ ಕೈ ಖಾಲಿಯಿಲ್ಲ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ನಾನೇ ಉಡುಪಿಗೆ ಹೋಗಿ ಎರಡು ಡಿಸ್ಕು, ಅವನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುವ ಪ್ಯಾಡು ಒಂದು ಸೆಟ್ ತಂದೆ. ತಂದು ಜಗಲಿಯ ಮೇಲಿಟ್ಟು, ಹಾಕುವವರು ಯಾರಪ್ಪ ಎಂದು ಯೋಚಿಸುತ್ತಿದ್ದರೆ ಅಪ್ಪಯ್ಯ ಬಂದು ಪಕ್ಕದಲ್ಲಿ ಕೂತರು.

"ತಾ ಇಲ್ಲಿ. ನಾ ಹಾಕ್ತೆ" ಎಂದರು.

ಅಪ್ಪಯ್ಯ ಬೋಟಿನಿಂದ ಇಳಿದು ಆಗ ನಾಲ್ಕು ವರ್ಷ. ಹೊಸ ಬೋಟುಗಳಿಗೆ ಹೊಸ ನಮೂನೆಯ ಇಂಜಿನ್ನುಗಳು ಬಂದಿದ್ದವು. ಬೋಟಿನ ಯಜಮಾನರು ಮರ್ಯಾದೆಯಿಂದಲೇ, ಇನ್ನು ವಿಶ್ರಾಂತಿ ತಗೊಳ್ಳಿ ಎಂದಿದ್ದರು. ಮೊದಮೊದಲು ಯಾರಾದರೂ ಇಂಜಿನ್ನಿನ ಸದ್ದು ಕೇಳಿಸಲು ಕರೆಯುತ್ತಿದ್ದರು, ಆಮೇಲೆ ಅದೂ ನಿಂತಿತು. ಒಂದು ಕಾಲಕ್ಕೆ ದಡದಲ್ಲಿ ನಿಂತೇ ಅಳಿವೆಯಲ್ಲಿ ಬರುವ ಬೋಟು ಯಾವುದೆಂದು ಸದ್ದಿನಿಂದ ಹೇಳುತ್ತಿದ್ದ ಮನುಷ್ಯ, ಈಗ ದಿನವಿಡೀ ಟಿವಿಯ ರಿಮೋಟನ್ನು ಬಿಚ್ಚಿ ಕೂಡಿಸುತ್ತಿದ್ದರು. ಆ ಡಿಸ್ಕನ್ನು ಅವರು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ ರೀತಿ ನೋಡಿ ನನಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಸತ್ಯ ಹೇಳಬೇಕೆಂದರೆ ನನಗೂ ಒಳಗೊಳಗೇ ಭಾರೀ ಹುಮ್ಮಸ್ಸು. ತ್ರಿಕೋನಗಳನ್ನು ಬಿಟ್ಟು ಬೇರೇನಾದರೂ ಬಿಚ್ಚಬೇಕೆಂಬ ಆಸೆ ಎಷ್ಟು ದಿನದ್ದೋ.

ಭಾನುವಾರ ಬೆಳಿಗ್ಗೆ ದೋಸೆ ತಿಂದವರೇ ಅಂಗಳಕ್ಕಿಳಿದೆವು. ಜಾಕ್ ಇಟ್ಟು ತಿರುಗಿಸಿದರೆ ಕಾರು ಮೇಲೆ ಹೋಗುವ ಬದಲು ಜಾಕು ಮರಳಿನೊಳಗೆ ಹೋಯಿತು. ಅಪ್ಪಯ್ಯ ಹಳೆಯ ದೋಣಿಯ ಎರಡು ಹಲಗೆ ತಂದು ಅಡಿಗೆ ಕೊಟ್ಟರು. ಆಮೇಲೆ ಕಾರು ಮರ್ಯಾದೆಯಿಂದ ಎದ್ದಿತು. ನಾನು ಶಾಲೆಯ ಕಂಪ್ಯೂಟರಿನಿಂದ ತೆಗೆದ ಹಾಳೆಗಳನ್ನು ಕಲ್ಲಿಟ್ಟು ಹರಡಿದ್ದೆ, ಮೊಬೈಲಿನಲ್ಲಿ ಒಬ್ಬ ಗಡ್ಡದ ಬಿಳಿಯನ ವಿಡಿಯೊ ಬೇರೆ. ನೆಟ್‌ವರ್ಕ್ ಸಿಗುವುದು ಬಾವಿಕಟ್ಟೆಯ ಮೇಲೆ ಮಾತ್ರ, ಹಾಗಾಗಿ ನಾನು ಅಲ್ಲಿ ನಿಂತು ನೋಡಿ, ಇಲ್ಲಿಗೆ ಓಡಿ ಬಂದು ಹೇಳುವುದು. ಒಮ್ಮೆ ಅಪ್ಪಯ್ಯನೂ ಬಂದು ನೋಡಿದರು. "ಇವ ಮಾತಾಡುದೇ ಹೆಚ್ಚ್. ಕೈ ಎಲ್ಲಿತ್ ಅಂದೇಳಿ ಕಾಂತಿಲ್ಲೆ" ಎಂದು ವಾಪಸು ಹೋದರು.

ಡಿಸ್ಕನ್ನು ಹಿಡಿದಿಟ್ಟಿದ್ದ ಒಂದು ಸಣ್ಣ ತಿರುಪು ತುಕ್ಕಿನಲ್ಲಿ ಒಂದಾಗಿಹೋಗಿತ್ತು. ಅಪ್ಪಯ್ಯ ಅದಕ್ಕೆ ಡೀಸೆಲ್ ಬಿಟ್ಟು, ಒಂದು ಎಲೆ ಹಾಕಿ ಅಗಿಯುವಷ್ಟು ಹೊತ್ತು ಸುಮ್ಮನೆ ಕೂತರು. ಆಮೇಲೆ ಸ್ಕ್ರೂಡ್ರೈವರ್ ಇಟ್ಟು ಹಿಂದಿನಿಂದ ಒಂದೇ ಪೆಟ್ಟು. ತಿರುಪು ಬಂತು. ಡಿಸ್ಕು ಮಾತ್ರ ಅಲ್ಲಾಡಲಿಲ್ಲ. ನಾನು ಸುತ್ತಿಗೆ ಎತ್ತಿ ಬಲವಾಗಿ ಬಡಿಯತೊಡಗಿದೆ.

"ಹಾಂಗ್ ಹೊಡಿಬೇಡ ಹೆಣೆ. ಸುತ್ತ ಮೆಲ್ಲಗೆ ತಟ್ಟ್. ಸದ್ದ್ ಕೇಣ್" ಎಂದರು ಅಪ್ಪಯ್ಯ. ಹೆಣೆ ಎಂದರೆ ನಮ್ಮ ಕಡೆ ಹುಡುಗಿಯನ್ನು ಪ್ರೀತಿಯಿಂದ ಕರೆಯುವುದು.

ಮರದ ತುಂಡಿಟ್ಟು ಸುತ್ತಲೂ ತಟ್ಟುತ್ತ ಹೋದೆವು. ಟಕ್ ಟಕ್ ಎನ್ನುತ್ತಿದ್ದ ಸದ್ದು ಒಂದು ಕಡೆ ಸ್ವಲ್ಪ ಬೇರೆಯಾಯಿತು. "ಈಗ ಬಿಡತ್" ಎಂದರು. ಇನ್ನೆರಡು ಸಲ ತಟ್ಟಿದ್ದೇ, ಡಿಸ್ಕು ನನ್ನ ಕೈಗೆ ಬಂತು. ನನಗಾದ ಖುಷಿಗೆ ಮೇರೆಯಿಲ್ಲ. ಅದನ್ನು ಎದೆಗವಚಿಕೊಂಡು ಅಡುಗೆಮನೆಗೆ ಓಡಿದೆ. ಅಮ್ಮ ಬಂಗಡೆ ಹುರಿಯುತ್ತಿದ್ದವಳು ತಿರುಗಿಯೂ ನೋಡದೆ, "ಅದನ್ ಒಲಿ ಹತ್ರ ತರ್ಬೇಡ" ಎಂದಳು. ಅಂಗಿಯ ಮೇಲೆ ದುಂಡಗಿನ ತುಕ್ಕಿನ ಮುದ್ರೆ ಬಿದ್ದಿತ್ತು. ಈ ಸಲ ವೃತ್ತ ಸರಿಯಾಗಿಯೇ ಮೂಡಿತ್ತು.

ಮುಂದೆ ಇನ್ನೊಂದು ತೊಡಕು. ಹೊಸ ಪ್ಯಾಡು ದಪ್ಪ, ಅದು ಕೂರಬೇಕಾದರೆ ಅದನ್ನು ತಳ್ಳುವ ಒಳಗಿನ ಪಿಸ್ಟನ್ ಹಿಂದಕ್ಕೆ ಹೋಗಬೇಕು. ಕ್ಲ್ಯಾಂಪ್ ಹಾಕಿ ಇಬ್ಬರೂ ಸೇರಿ ಒತ್ತಿದೆವು, ಜಪ್ಪಯ್ಯ ಎನ್ನಲಿಲ್ಲ. ನಾನು ಬಾವಿಕಟ್ಟೆಗೆ ಓಡಿದೆ. ವಿಡಿಯೊ ಸುತ್ತುತ್ತಲೇ ಇತ್ತು. ಅಷ್ಟರಲ್ಲಿ ಅಪ್ಪಯ್ಯ ಕನ್ನಡಕ ಹಣೆಗೇರಿಸಿ ಪಿಸ್ಟನ್ನಿನ ಮುಖವನ್ನೇ ನೋಡುತ್ತ ಕೂತವರು, "ಇದಕ್ಕೆ ಎರಡ್ ಕಚ್ಚ್ ಎಂತಕ್ ಇಟ್ಟಿರ್ ಹಂಗಾರೆ? ಇದ್ ಒತ್ತುದಲ್ಲ, ತಿರ್ಪುದ್" ಎಂದರು. ಇಕ್ಕಳದ ಎರಡು ತುದಿ ಕಚ್ಚಿಗೆ ಕೊಟ್ಟು ತಿರುಗಿಸಿದರೆ ಪಿಸ್ಟನ್ನು ಬೆಣ್ಣೆಯಂತೆ ಒಳಗೆ ಹೋಯಿತು. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಕ್ಕೇ ಇರುವುದರಿಂದ ಅದನ್ನು ತಿರುಗಿಸಿಯೇ ಒಳಗೆ ಕಳಿಸಬೇಕೆಂದು ನನ್ನ ಹಾಳೆಯಲ್ಲೂ ಇತ್ತು, ಮೂರನೆಯ ಪುಟದಲ್ಲಿ. ಅಪ್ಪಯ್ಯ ಓದದೆ ಅಲ್ಲಿಗೆ ತಲುಪಿದ್ದರು. ಅವರ ಮುಖ ನೋಡಬೇಕಿತ್ತು ನೀವು. ನಾಲ್ಕು ವರ್ಷಗಳಲ್ಲಿ ನಾನು ಕಾಣದ ಮುಖ ಅದು.

ಇನ್ನೊಂದು ಬದಿಯ ಡಿಸ್ಕನ್ನೂ ಹಾಗೆಯೇ ಬಿಚ್ಚಿದೆವು. ಹೊಸ ಡಿಸ್ಕುಗಳಿಗೆ ತುಕ್ಕು ಹಿಡಿಯದ ಹಾಗೆ ಕಂಪನಿಯವರೇ ಎಣ್ಣೆ ಸವರಿ ಕಳಿಸಿರುತ್ತಾರೆ. ಅದನ್ನು ಪೂರ್ತಿ ಒರೆಸಿ ಹಾಕಬೇಕು. ನಾನು ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ, ಉಜ್ಜಿ ಉಜ್ಜಿ, ಮುಖ ನೋಡಿಕೊಳ್ಳುವಷ್ಟು ಹೊಳಪು ಬರಿಸಿ, ಎರಡನ್ನೂ ಚಕ್ರದ ಜಾಗಕ್ಕೆ ಕೂರಿಸಿದೆ. ಅಷ್ಟು ಹೊತ್ತಿಗೆ ಬಾವಿಕಟ್ಟೆಯ ಮೇಲಿಟ್ಟಿದ್ದ ಮೊಬೈಲಿಗೆ ಯಡ್ತರೆಯ ಮಾವನ ಫೋನು, ಎಷ್ಟು ಜನ ಬರುತ್ತೀರಿ ಎಂದು. ಅಲ್ಲಿಗೆ ಓಡಿದೆ. ಮಾವನ ಮಾತು ಮುಗಿಯುವುದೆಂದರೆ ಮೊಬೈಲಿನ ಚಾರ್ಜು ಮುಗಿದ ಮೇಲೆ. ನಾನು ಬರುವಾಗ ಅಪ್ಪಯ್ಯ ಪ್ಯಾಡು, ಅದನ್ನು ಹಿಡಿದಿಡುವ ಕ್ಯಾಲಿಪರ್ ಎಲ್ಲ ಬಿಗಿದು, ಚಕ್ರಗಳನ್ನೂ ಹಾಕಿ, ಕೈ ಒರೆಸಿಕೊಳ್ಳುತ್ತಿದ್ದರು. "ಆಯ್ತ್" ಎಂದರು, ಒಂದೇ ಶಬ್ದ.

ಊಟವಾದ ಮೇಲೆ ಅಮ್ಮನನ್ನು ಕರೆದೆವು. ಅವಳು ಸೀರೆ ಬದಲಿಸಿಯೇ ಬಂದಳು. ಮುಂದಿನ ಸೀಟಿನಲ್ಲಿ ಕೂತು ಎಲೆಯಡಿಕೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು. ನಮ್ಮ ಅಂಗಳ ರಸ್ತೆಗಿಂತ ತಗ್ಗಿನಲ್ಲಿದೆ. ಪಂಚಾಯ್ತಿಯವರು ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಒಂದು ಗೇಣು ಮೇಲೇರುತ್ತದೆ, ನಾವು ಒಂದು ಗೇಣು ಕೆಳಗಿಳಿಯುತ್ತೇವೆ. ಹಾಗಾಗಿ ಗೇಟಿನ ಹತ್ತಿರ ಕಾಂಕ್ರೀಟಿನ ಏರು ಮಾಡಿಸಿದ್ದೇವೆ. ನಾನು ಬ್ರೇಕನ್ನು ಹತ್ತು ಸಲ ಒತ್ತಿ ಬಿಟ್ಟು ಕಾರನ್ನು ಏರಿಗೆ ಹತ್ತಿಸಿ ನಿಲ್ಲಿಸಿದೆ. ಸದ್ದಿಲ್ಲ, ಗದ್ದಲವಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ನಿಂಬೆಹಣ್ಣು ಇಡೋಣವೆಂದು ಇಳಿದೆ. ಅಪ್ಪಯ್ಯ ಗೇಟಿನ ಬಳಿ ಕಾಯಿ ಹಿಡಿದು ನಿಂತಿದ್ದರು.

ಒಂದು ಕ್ಷಣ ಕಾರು ನಿಂತಿತು. ಆಮೇಲೆ, ಯಾರಿಗೂ ತೊಂದರೆ ಕೊಡಬಾರದು ಎಂಬಷ್ಟು ನಿಧಾನವಾಗಿ, ಹಿಂದಕ್ಕೆ ಹೊರಟಿತು. ನಾನು ಬಾಗಿಲು ಹಿಡಿದು ಓಡಿದೆ, ಅಪ್ಪಯ್ಯ ಕಾಯಿ ಬಿಟ್ಟು ಓಡಿದರು. ಅಮ್ಮ ಮಾತ್ರ ಚೀಲ ಹಿಡಿದು, ನೇರ ಮುಂದೆ ನೋಡುತ್ತ, ನಮ್ಮಿಂದ ದೂರ ದೂರ ಹೋದಳು. ಏರು ಇಳಿದು, ಒಣಗಲು ಹಾಕಿದ್ದ ಸಿಗಡಿಯ ಚಾಪೆ ದಾಟಿ, ಹಳೆಯ ಬಲೆಯ ರಾಶಿಗೆ ಬೆನ್ನು ಕೊಟ್ಟು ಕಾರು ನಿಂತಿತು. ಅಮ್ಮನಿಗೆ ಏನೂ ಆಗಲಿಲ್ಲ. ಗಾಜು ಇಳಿಸಿ, "ಹ್ವಾಯ್, ಇದ್ ಹಿಂದಕ್ಕೇ ಹೋತ್ತಲೆ. ಯಡ್ತರೆ ಆ ಬದಿಗಲ್ದಾ ಇಪ್ದ್?" ಎಂದು ಕೇಳಿದಳು.

ನಾನು ಹ್ಯಾಂಡ್‌ಬ್ರೇಕ್ ಹಿಡಿಯಬೇಕಿದ್ದ ಹಿಂದಿನ ಚಕ್ರದ ಕಂಡಿಯಲ್ಲಿ ಬೆರಳು ತೂರಿಸಿ ಡಿಸ್ಕು ಮುಟ್ಟಿದೆ. ಜಾರಿತು. ಬೆರಳು ಮೂಸಿದೆ. ಎಂಟನೆಯ ತರಗತಿಯ ಕಂಪಾಸ್ ಪೆಟ್ಟಿಗೆಯ ವಾಸನೆ.

"ಅಪ್ಪಯ್ಯ, ಎಣ್ಣೆ ಹಚ್ಚಿದ್ರ್ಯಾ?"

"ಒಂಚೂರೇ. ನೀ ಪೂರಾ ಒರ್ಸಿ ಬೆತ್ಲೆ ಬಿಟ್ಟಿಯಲ್ದಾ? ಈ ಗಾಳಿಗೆ ಎರಡ್ ದಿನ ಉಳೀತಿತ್ತಾ ಅದ್?" ಎಂದರು ಅಪ್ಪಯ್ಯ.

ನನಗೆ ಸಿಟ್ಟು ನೆತ್ತಿಗೇರಿತು. ಹೆದರಿಕೆಯೇ ಸಿಟ್ಟಾಗಿ ಬಂದದ್ದು ಎಂದು ಈಗ ತಿಳಿಯುತ್ತದೆ. "ಬ್ರೇಕಿಗೆ ಯಾರಾರೂ ಎಣ್ಣೆ ಹಚ್ತ್ರಾ? ಅಷ್ಟೂ ಗೊತ್ತಿಲ್ಯಾ ನಿಮ್ಗೆ?" ಎಂದು ಗದರಿದೆ.

ಅಪ್ಪಯ್ಯ ಕೈಯನ್ನೇ ನೋಡಿಕೊಳ್ಳುತ್ತ ನಿಂತರು. ಆಮೇಲೆ ಮೆಲ್ಲಗೆ, "ಬೋಟಿಗೆ ಬ್ರೇಕ್ ಎಲ್ಲಿತ್ ಹೆಣೆ?" ಎಂದರು.

ಹೌದು, ಬೋಟಿಗೆ ಬ್ರೇಕಿಲ್ಲ. ನಿಲ್ಲಿಸಬೇಕೆಂದರೆ ಇಂಜಿನ್ನನ್ನು ಹಿಂದಕ್ಕೆ ಓಡಿಸಬೇಕು, ಇಲ್ಲವೇ ಲಂಗರು ಬಿಡಬೇಕು. ಕಬ್ಬಿಣಕ್ಕೆ ಕಬ್ಬಿಣ ಉಜ್ಜದ ಹಾಗೆ ನೋಡಿಕೊಳ್ಳುವುದೇ ನಲವತ್ತು ವರ್ಷ ಅವರ ಕೆಲಸವಾಗಿತ್ತು. ಉಜ್ಜಿದರೆ ಮಾತ್ರ ಕೆಲಸ ಮಾಡುವ ವಸ್ತುವೊಂದು ಲೋಕದಲ್ಲಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು, ಬಾವಿಕಟ್ಟೆಯ ಮೇಲಿದ್ದೆ.

"ಗ್ಯಾರೇಜಿನವ್ರಿಗೇ ಫೋನ್ ಮಾಡ್. ನನ್ ಕೈಯಂಗೆ ಇನ್ ಆತಿಲ್ಲೆ" ಎಂದು ಅಪ್ಪಯ್ಯ ಜಗಲಿಗೆ ಹೋಗಿ ಕೂತರು. ಕಾರು ಹೇಗೂ ಸರಿಯಾಗುತ್ತಿತ್ತು, ಇವತ್ತಲ್ಲದಿದ್ದರೆ ಬುಧವಾರ. ಆದರೆ ಈ ಮನುಷ್ಯ ಇನ್ನೊಮ್ಮೆ ಪಾನಾ ಹಿಡಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿ ಅನ್ನಿಸಿತು.

ಅಮ್ಮ ಕಾರಿನಿಂದ ಇಳಿದು, ಸೀರೆಗೆ ಹತ್ತಿದ ಬಲೆಯ ದಾರ ಬಿಡಿಸಿಕೊಂಡು, ಅವರೆದುರು ಹೋಗಿ ನಿಂತಳು.

"ಹ್ವಾಯ್, ಕಾಣಿ. ನಲ್ವತ್ ವರ್ಷ ನೀವ್ ಕಡಲಿಗೆ ಹೋಪತಿಗೆ ನಿಮ್ ಕೈ ನಂಬಿ ನಾ ದಡದಂಗೆ ಕೂತಿದ್ದೆ. ಈಗ ಗ್ಯಾರೇಜಿನವ್ರನ್ ನಂಬುಕೆ ನಂಗೆ ಆಪ್ದಲ್ಲ. ನೀವ್ ಸರಿ ಮಾಡ್ರೆ ಕಾರಂಗೆ ಕೂಕಂತೆ. ಇಲ್ದಿರೆ ಬಸ್ಸಿತ್ತಲೆ" ಎಂದು ಹೇಳಿ ಸಿಗಡಿ ಹೆಕ್ಕಲು ಹೋದಳು.

ಅಪ್ಪಯ್ಯ ಎದ್ದು ಹೋಗಿ ಸೋಪು ಹಾಕಿ ಕೈ ತೊಳೆಯತೊಡಗಿದರು. ನಾನು ಸೈಕಲ್ ಹತ್ತಿದೆ. ಎಣ್ಣೆ ಕುಡಿದ ಪ್ಯಾಡು ಮತ್ತೆ ಉಪಯೋಗಕ್ಕೆ ಬಾರದು, ಹೊಸದು ಬೇಕು. ಭಾನುವಾರ ಮಧ್ಯಾಹ್ನ ಕುಂದಾಪುರದಲ್ಲಿ ಯಾವ ಅಂಗಡಿ ತೆರೆದಿರುತ್ತದೆ ಹೇಳಿ. ಬಿಡಿಭಾಗದ ಅಂಗಡಿಯವರ ಮನೆ ಅಂಗಡಿಯ ಹಿಂದೆಯೇ. ಹೋಗಿ ಬಾಗಿಲು ತಟ್ಟಿದರೆ ನಿದ್ದೆಗಣ್ಣಿನಲ್ಲಿ ಬಂದವರು ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ. ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ, ಅದೇ ಅಳತೆಯ ಪ್ಯಾಡು ಹುಡುಕಿ ಕೊಟ್ಟರು. ಉಡುಪಿಯಿಂದಲೇ ತರಬೇಕೆಂದುಕೊಂಡಿದ್ದ ವಸ್ತು ಇಲ್ಲೇ ಇತ್ತು. ಕುಣಿಯಬೇಕೆನ್ನಿಸಿತು, ಟೀಚರಾದ್ದರಿಂದ ಸುಮ್ಮನಿದ್ದೆ.

ಎರಡನೆಯ ಸಲ ಕೆಲಸ ಅರ್ಧ ಹೊತ್ತಿನಲ್ಲಿ ಮುಗಿಯಿತು. ನಾನು ಪೆಟ್ರೋಲಿನಿಂದ ಡಿಸ್ಕು ಒರೆಸಿದೆ, ಅಪ್ಪಯ್ಯ ಇನ್ನೊಮ್ಮೆ ಒರೆಸಿದರು, ಸಮಾಧಾನವಾಗದೆ ಮತ್ತೊಮ್ಮೆ ಒರೆಸಿದರು. ಡಿಸ್ಕಿನ ಮುಖಕ್ಕೆ ಬರಿಗೈ ತಾಗದ ಹಾಗೆ, ಮಡಿಯಲ್ಲಿದ್ದವರಂತೆ ಬಟ್ಟೆಯಲ್ಲೇ ಹಿಡಿಯುತ್ತಿದ್ದರು. ನಾನು ಹತ್ತಿರ ಬಂದರೆ, "ಕೈ ತೊಳ್ದ್ಯಾ?" ಎಂದು ಕೇಳುತ್ತಿದ್ದರು. ಚಕ್ರ ಬಿಗಿದ ಮೇಲೆ ಕೋಡಿಯ ರಸ್ತೆಯಲ್ಲಿ ನಾನೂ ಅವರೂ ಹತ್ತು ಸಲ ಓಡಿಸಿ ನಿಲ್ಲಿಸಿ ನೋಡಿದೆವು. ಕೊನೆಕೊನೆಗೆ ಅದು ಪರೀಕ್ಷೆಯಾಗಿ ಉಳಿಯದೆ ಆಟವಾಯಿತು. "ಇನ್ನೊಂದ್ ಸಲ ಹಿಡಿ, ಇನ್ನೊಂದ್ ಸಲ" ಎನ್ನುತ್ತಿದ್ದರು ಅಪ್ಪಯ್ಯ. ದಾರಿಯಲ್ಲಿ ಹೋಗುವವರು ನಮಗೇನೋ ಆಗಿದೆ ಎಂದುಕೊಂಡಿರಬೇಕು.

ಸೋಮವಾರ ಬೆಳಿಗ್ಗೆ ಅಮ್ಮ ಹೊಸ ಸೀರೆಯುಟ್ಟು ಬಂದಳು. ಕಾರು ಅದೇ ಏರಿನ ಮೇಲೆ, ಅದೇ ರೀತಿ ಹ್ಯಾಂಡ್‌ಬ್ರೇಕ್ ಎಳೆದು ನಿಂತಿತ್ತು. ಅಲ್ಲಿಯೇ ನಿಲ್ಲಿಸಬೇಕೆಂದು ಅವಳೇ ಹೇಳಿದ್ದು. ಅಪ್ಪಯ್ಯ ಹಿಂದಿನ ಚಕ್ರಕ್ಕೆ ಒಂದು ದಪ್ಪ ಕಲ್ಲು ಕೊಟ್ಟು, ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ರಾತ್ರಿ ಅವರು ಸರಿಯಾಗಿ ಮಲಗಿರಲಿಲ್ಲ ಎಂದು ಕಣ್ಣು ಹೇಳುತ್ತಿತ್ತು. ಅಮ್ಮ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ನನ್ನನ್ನು ಹತ್ತಗೊಡಲಿಲ್ಲ.

"ಕಲ್ಲ್ ತೆಗ್ದ್ ಬಿಡಿ" ಎಂದಳು.

"ಮಗಳ್ ಹತ್ಲಿ, ಕಾಂಬ" ಎಂದರು ಅಪ್ಪಯ್ಯ.

"ನಾ ಹೇಳಿದ್ ಕೇಂಡಿತಾ? ಕಲ್ಲ್ ತೆಗಿನಿ."

ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರು ಎರಡೂ ಕೈಯಲ್ಲಿ ಕಲ್ಲನ್ನು ಈಚೆಗೆಳೆದು, ಎತ್ತಿ ಹೊಟ್ಟೆಗೆ ಆನಿಸಿಕೊಂಡು, ಬೇಕಾದರೆ ತಕ್ಷಣ ಇಡಬೇಕೆಂಬಂತೆ ಚಕ್ರದ ಹಿಂದೆಯೇ ನಿಂತರು. ಅಮ್ಮ ಚೀಲ ಬಿಚ್ಚಿದಳು. ಎಲೆ ತೆಗೆದು ತೊಟ್ಟು ಮುರಿದಳು, ಬೆನ್ನು ಒರೆಸಿದಳು, ಸುಣ್ಣ ಹಚ್ಚಿದಳು. ಅಡಿಕೆ ಆರಿಸಿದಳು, ಅದು ಸರಿಯಿಲ್ಲವೆಂದು ಇನ್ನೊಂದು ಆರಿಸಿದಳು. ಮಡಚಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಅಗಿದಳು. ಅವಳ ಜನ್ಮದಲ್ಲಿ ಒಂದು ಎಲೆಗೆ ಅಷ್ಟು ಹೊತ್ತು ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಕಾರು ಕೂದಲೆಳೆಯಷ್ಟೂ ಜರುಗಲಿಲ್ಲ.

ಆಮೇಲೆ ಅಮ್ಮ ಗಾಜು ಇಳಿಸಿ ತಲೆ ಹೊರಗೆ ಹಾಕಿದಳು.

"ಹ್ವಾಯ್, ಅದನ್ ಅಲ್ಲೇ ಹಾಕಿ ಬನ್ನಿ. ತಮ್ಮನ್ ಮನಿ ಒಕ್ಲಿಗೆ ಕಲ್ಲ್ ಹೊತ್ಕಂಡ್ ಹೋಪ್ದಾ?"

ಅಪ್ಪಯ್ಯ ಕಲ್ಲನ್ನು ಬೇಲಿಯಾಚೆ ಎಸೆದು, ಪಂಚೆ ಕೊಡವಿಕೊಂಡು ಬಂದು, ಹಿಂದಿನ ಸೀಟಿನಲ್ಲಿ ಕೂತರು.